ಹೆಲ್ಮೆಟ್ ಇಲ್ಲದ್ದು ಮೊಪೆಡ್ ಮೇಲೆ, ನಿಂತಿದ್ದು ಆಟೋ. ಮೂರು ತಿಂಗಳು ಏನು ಮಾಡಬೇಕು?

ರೊಟ್ಟಿ ಅಕ್ಕ, ಕಲಬುರಗಿ

ಎಲ್ಲರಿಗೂ ಶರಣು. ನಾನು ಮನೆಯಲ್ಲೇ ಖಡಕ್ ರೊಟ್ಟಿ ಬಡಿದು ಎರಡು ಖಾನಾವಳಿಗಳಿಗೆ ಕೊಡುತ್ತೇನೆ. ನಮ್ಮ ಮನೆಯವರು ಸೂಪರ್ ಮಾರ್ಕೆಟ್ ಹತ್ತಿರ ಆಟೋ ಓಡಿಸುತ್ತಾರೆ. ಓಡಿಸುತ್ತಿದ್ದರು ಅನ್ನಬೇಕು. 23 ದಿನದಿಂದ ಆಟೋ ಮನೆ ಮುಂದಿನ ಬೇವಿನ ಗಿಡದ ಕೆಳಗೆ ನಿಂತಿದೆ. ಬೆಳಿಗ್ಗೆ ಎದ್ದು ಅದರ ಮೇಲಿನ ಎಲೆ ಗುಡಿಸುವುದೇ ಅವರ ಕೆಲಸ ಆಗಿದೆ.

ಆಗಿದ್ದು ಇಷ್ಟು. ಒಂದು ಮಧ್ಯಾಹ್ನ ಜೋಳ ಬೀಸಿಸೋಕೆ ಪಕ್ಕದ ಮನೆಯವರ ಮೊಪೆಡ್ ತೆಗೆದುಕೊಂಡು ಗಿರಣಿಗೆ ಹೋದರು. ವಾಪಸ್ ಬರುವಾಗ ಕಾಲ ಹತ್ತಿರ ಹಿಟ್ಟಿನ ಚೀಲ, ತಲೆ ಮೇಲೆ ಒದ್ದೆ ಟವೆಲ್. ನಮ್ಮ ಊರಿನ ಬಿಸಿಲು ಗೊತ್ತಲ್ಲ. ಹೆಲ್ಮೆಟ್ ಇರಲಿಲ್ಲ. ತಪ್ಪು ನಮ್ಮದೇ, ಮೊದಲೇ ಒಪ್ಪಿಬಿಡುತ್ತೇನೆ. ಸರ್ಕಲ್‌ನಲ್ಲಿ ಹಿಡಿದರು. 500 ರೂಪಾಯಿ ಅಂದರು, ಅಲ್ಲೇ ಕಟ್ಟಿದರು. ರಸೀದಿ ಇದೆ. ಅಷ್ಟಕ್ಕೇ ಮುಗಿಯಿತು ಅಂದುಕೊಂಡರೆ ಲೈಸೆನ್ಸ್ ಕಾರ್ಡನ್ನೂ ಇಟ್ಟುಕೊಂಡು ಒಂದು ಚೀಟಿ ಕೊಟ್ಟರು. ಮೂರು ತಿಂಗಳು ಸಸ್ಪೆಂಡ್ ಆಗುತ್ತೆ, ನೋಟಿಸ್ ಬರುತ್ತೆ ಅಂದರಂತೆ.

ಕಾರ್ಡ್ ಒಂದೇ ಅಲ್ವಾ? ಬೈಕಿಗೂ ಅದೇ, ಆಟೋಗೂ ಅದೇ. ಹಿಟ್ಟು ತರೋಕೆ ಹೋದ ತಪ್ಪಿಗೆ ರೊಟ್ಟಿಯೇ ಹೋಯಿತು ಅಂತ ನಮ್ಮ ಅತ್ತೆ ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇದರ ಮೇಲೆ ಇನ್ನೊಂದು. ಕಾರ್ಡ್ ಹೋದ ಎಂಟನೇ ದಿನಕ್ಕೆ ಆಟೋದ ಎಫ್‌ಸಿ, ಅಂದರೆ ಗಾಡಿ ಓಡೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟ್, ಮುಗಿಯಿತು. ಓಡಿಸೋಕೆ ಆಗಲ್ಲ, ಎಫ್‌ಸಿ ಆಮೇಲೆ ಮಾಡಿಸೋಣ ಅಂತ ಸುಮ್ನೆ ಇದ್ದೆವು. ಮೊನ್ನೆ ಗೊತ್ತಾಯಿತು, ತಡ ಆದರೆ ದಿನಕ್ಕೆ 50 ರೂಪಾಯಿ ಅಂತ. ಇವತ್ತಿಗೆ 15 ದಿನ, 750 ರೂಪಾಯಿ. ಮೂರು ತಿಂಗಳು ಮುಗಿಯೋ ಹೊತ್ತಿಗೆ 4 ಸಾವಿರ ದಾಟುತ್ತೆ. ಗಾಡಿ ನಿಂತಿದ್ದರೂ ಮೀಟರ್ ಓಡುತ್ತಿದೆ ನೋಡಿ. ಹಿಟ್ಟು, ಗ್ಯಾಸು ಎಲ್ಲ ಕಳೆದರೆ ನನಗೆ ಒಂದು ರೊಟ್ಟಿಗೆ 2 ರೂಪಾಯಿ ಉಳಿಯುತ್ತೆ. ಅಂದರೆ ದಿನಾ ಮೊದಲ 25 ರೊಟ್ಟಿ ಎಫ್‌ಸಿಗೆ. ಈಗ ಬಡಿಯುವಾಗ ಎಣಿಸೋದೇ ಚಟ ಆಗಿದೆ. ಇಪ್ಪತ್ತಾರನೆಯದು ಬಂದ ಮೇಲೆ ಮಕ್ಕಳ ಲೆಕ್ಕ ಶುರು.

ಆಟೋ ಮೇಲೆ ಎರಡು ಹಳೆಯ ಇ-ಚಲನ್ ಕೂಡ ಇವೆ, ಒಟ್ಟು 1,000. ಅವನ್ನು ತೀರಿಸದೆ ಎಫ್‌ಸಿ ಆಗಲ್ಲ ಅಂತ ಏಜೆಂಟ್ ಹೇಳಿದ. ಫೈನಾನ್ಸ್ ಕಂತು ತಿಂಗಳಿಗೆ 6,200, ಅದಂತೂ ಯಾರ ಮಾತೂ ಕೇಳಲ್ಲ.

ಒಂದು ಹೊಟ್ಟೆಕಿಚ್ಚಿನ ಮಾತು ಹೇಳುತ್ತೇನೆ, ಬೈಯಬೇಡಿ. ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಅಂತ ಸರ್ಕಾರ 2023ರ ಫೆಬ್ರವರಿಯಲ್ಲಿ ಕೊಟ್ಟಿತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಕೊಟ್ಟಿತು. ನಮ್ಮ ಓಣಿಯ ಕಾರಿನವರೊಬ್ಬರು 11 ಚಲನ್ ಹಾಗೇ ಇಟ್ಟುಕೊಂಡಿದ್ದು, ಆಗ ಒಂದೇ ಸಲ ಅರ್ಧಕ್ಕೆ ಮುಗಿಸಿದರು. ಕಾಯೋಕೆ ಆದವರಿಗೆ ಅರ್ಧ. ಸರ್ಕಲ್‌ನಲ್ಲಿ ಬೀಗದ ಕೈ ಕಿತ್ತುಕೊಂಡಾಗ ಜೇಬು ಝಾಡಿಸಿ ಅಲ್ಲೇ ಕಟ್ಟಿದವರಿಗೆ ಪೂರ್ತಿ. ಆ ದಿನಗಳಲ್ಲಿ ನಮ್ಮ ಕೈಯಲ್ಲಿ ಅರ್ಧದ ರೊಕ್ಕವೂ ಇರಲಿಲ್ಲ, ಹಾಗಾಗಿ ಆ ಎರಡು ಚಲನ್ ಹಾಗೇ ಉಳಿದವು.

ನನಗೆ ಬೇಕಾಗಿದ್ದು: ಬೈಕಿನ ಲೈಸೆನ್ಸ್ ಬೇಕಾದರೆ ನಿಲ್ಲಿಸಲಿ, ಆಟೋದ್ದು ಬಿಡಿಸಿಕೊಳ್ಳೋಕೆ ದಾರಿ ಇದೆಯಾ? ಚೀಟಿ ತೋರಿಸಿ ಆಟೋ ಓಡಿಸಬಹುದಾ? ದಂಡವನ್ನು ಕಂತಿನಲ್ಲಿ ಕಟ್ಟೋಕೆ ಆಗುತ್ತಾ?

ನೈಟ್ ಡ್ಯೂಟಿ, ಕಲಬುರಗಿ

ಅಕ್ಕಾರೆ, ಬೇಜಾರು ಮಾಡಿಕೊಳ್ಳಬೇಡಿ, ನಾನು ಉಲ್ಟಾ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಕ್ಯಾಶುವಾಲಿಟಿಯಲ್ಲಿ ನರ್ಸ್ ಆಗಿದ್ದೇನೆ. ಸೇಡಂ ರೋಡಿಂದ, ಜೇವರ್ಗಿ ರೋಡಿಂದ ಬರೋ ತಲೆಗಳನ್ನು ನಾನು ನೋಡುತ್ತೇನೆ. "ಇಲ್ಲೇ ಗಿರಣಿಗೆ ಹೋಗಿದ್ದ", "ಇಲ್ಲೇ ಹಾಲು ತರೋಕೆ ಹೋಗಿದ್ದ", ಮನೆಯವರು ಹೇಳೋದು ಹೀಗೇ. ದೂರ ಹೋಗೋರು ಹೆಲ್ಮೆಟ್ ಹಾಕುತ್ತಾರೆ, ಇಲ್ಲೇ ಹೋಗೋರು ಹಾಕಲ್ಲ.

2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದಿದಾಗ ಹೆಲ್ಮೆಟ್‌ಗೆ 1,000 ಇತ್ತು. ಮಂದಿ ಗಲಾಟೆ ಮಾಡಿದರು ಅಂತ ನಮ್ಮ ರಾಜ್ಯ ಅದೇ ಸೆಪ್ಟೆಂಬರ್‌ನಲ್ಲಿ 500ಕ್ಕೆ ಇಳಿಸಿತು. ಇನ್ನೂ ಇಳಿಸಿದರೆ ಯಾರು ಹಾಕುತ್ತಾರೆ? ಲೈಸೆನ್ಸ್ ಹೋಗುತ್ತೆ ಅನ್ನೋ ಭಯಕ್ಕಾದರೂ ಹಾಕಲಿ. ನಿಮ್ಮ ಮನೆಯವರು ಮನೆಯಲ್ಲಿ ಎಲೆ ಗುಡಿಸುತ್ತಿದ್ದಾರೆ. ನಮ್ಮ ವಾರ್ಡಿನಲ್ಲಿ ಮಲಗಿಲ್ಲ, ಅದೇ ದೊಡ್ಡದು.

ರೊಟ್ಟಿ ಅಕ್ಕ, ಕಲಬುರಗಿ

ಅಣ್ಣಾರೆ, ಬೇಜಾರಿಲ್ಲ. ಖರೆ ಹೇಳಿದಿರಿ. ಮಾರನೇ ದಿನವೇ ಐಎಸ್‌ಐ ಹೆಲ್ಮೆಟ್ ತಂದೆವು, 950 ರೂಪಾಯಿ. ನಮ್ಮದು ಅಂತ ಬೈಕೇ ಇಲ್ಲ, ಹೆಲ್ಮೆಟ್ ಮಾತ್ರ ಗೂಟಕ್ಕೆ ನೇತಾಡುತ್ತಿದೆ.

ಆದರೆ ಒಂದು ಕೇಳುತ್ತೇನೆ. ತಲೆ ಉಳೀಲಿ ಅಂತಲೇ ಈ ನಿಯಮ ಅಂದರೆ, ಮೂರು ತಿಂಗಳು ಬೈಕ್ ಮುಟ್ಟಬೇಡ ಅನ್ನಲಿ, ಒಪ್ಪುತ್ತೇನೆ. ಆಟೋ ನಿಲ್ಲಿಸಿದರೆ ಯಾರ ತಲೆ ಉಳಿಯಿತು? ಇದೇ ತಪ್ಪನ್ನು ಆಫೀಸಿಗೆ ಹೋಗೋರು ಮಾಡಿದರೆ ಮೂರು ತಿಂಗಳು ಸಿಟಿ ಬಸ್ಸಿನಲ್ಲಿ ಹೋಗುತ್ತಾರೆ. ಅವರ ಪಗಾರ ನಿಲ್ಲಲ್ಲ. 500 ಇಬ್ಬರಿಗೂ 500, ಮೂರು ತಿಂಗಳು ಮಾತ್ರ ಇಬ್ಬರಿಗೂ ಒಂದೇ ಅಲ್ಲ.

ಅರ್ಜಿ ಬರೆಯುವ ಅಜ್ಜ

ತಂಗಿ, ನಾನು ವಕೀಲ ಅಲ್ಲ. ಕೋರ್ಟಿನ ಕಾಂಪೌಂಡಿನ ಹೊರಗೆ ಟೈಪ್‌ರೈಟರ್ ಇಟ್ಟುಕೊಂಡು 31 ವರ್ಷ ಅರ್ಜಿ ಹೊಡೆದವನು. ಕೈ ನಡುಗುತ್ತೆ ಅಂತ ಈಗ ಮೊಮ್ಮಗಳ ಮೊಬೈಲಿನಲ್ಲಿ ಮಾತಾಡಿ ಬರೆಸುತ್ತೇನೆ. ಆದರೆ ಮೋಟಾರು ವಾಹನ ಕಾಯ್ದೆಯ ಈ ಕಲಂಗಳು ನನಗೆ ಬಾಯಿಪಾಠ.

ಮೊದಲು ಚೀಟಿಯ ವಿಷಯ, ಅದು ಅಪಾಯದ್ದು. ಆ ಚೀಟಿ ತೋರಿಸಿ ಗಾಡಿ ಓಡಿಸೋಕೆ ಬರಲ್ಲ. ಕಲಂ 206ರಲ್ಲೇ ಬರೆದಿದೆ, ಲೈಸೆನ್ಸ್ ವಾಪಸ್ ಬರೋವರೆಗೆ ಚೀಟಿ ಇದ್ದರೂ ಓಡಿಸೋ ಹಕ್ಕಿಲ್ಲ ಅಂತ. ಸಸ್ಪೆಂಡ್ ಆದೇಶ ಆದ ಮೇಲೆ ಓಡಿಸಿ ಸಿಕ್ಕರೆ ಕಲಂ 182. ಮೂರು ತಿಂಗಳವರೆಗೆ ಜೈಲು, ಇಲ್ಲವೇ 10,000 ದಂಡ, ಎರಡೂ ಆಗಬಹುದು. ಒಂದು ಟ್ರಿಪ್ ಅಷ್ಟೇ ಅಂತ ನಿನ್ನ ಗಂಡನಿಗೆ ಆಸೆ ಹುಟ್ಟುತ್ತೆ, ಬೀಗದ ಕೈ ನೀನೇ ಇಟ್ಟುಕೋ.

500 ಕಟ್ಟಿದ ಮೇಲೆ ಕಾರ್ಡ್ ಯಾಕೆ ಹೋಯಿತು ಅಂದರೆ, 2019ರ ತಿದ್ದುಪಡಿಯಲ್ಲಿ ಕಲಂ 200ಕ್ಕೆ ಒಂದು ಬಾಲ ಸೇರಿಸಿದ್ದಾರೆ. ದಂಡ ಕಟ್ಟಿ ರಾಜಿ ಆದರೂ ಲೈಸೆನ್ಸಿನ ಕ್ರಮ ತಪ್ಪಲ್ಲ. ಮೊದಲೆಲ್ಲ ರಸೀದಿ ಕೈಗೆ ಬಂದರೆ ಕಥೆ ಮುಗೀತಿತ್ತು.

ಈಗ ನಿನಗೆ ಬೇಕಾದ್ದು. ಕಾರ್ಡ್ ಪೊಲೀಸರಿಂದ ಸಾರಿಗೆ ಕಚೇರಿಗೆ ಹೋಗುತ್ತೆ. ಅಲ್ಲಿ ಕಲಂ 19(1ಎ) ಪ್ರಕಾರ ಅಧಿಕಾರಿ ಮೊದಲು ನಿನ್ನ ಗಂಡನ ಮಾತು ಕೇಳಬೇಕು. ಕೇಳಿ ಸುಮ್ಮನೆ ಬಿಟ್ಟುಬಿಡಬಹುದು, ಇಲ್ಲವೇ ವಿವರವಾದ ಕಾರಣ ಬರೆದು ಸಸ್ಪೆಂಡ್ ಮಾಡಬಹುದು. ಮೊದಲ ತಪ್ಪಿಗೆ ಮೂರು ತಿಂಗಳು. ಇಲ್ಲಿ ಕಣ್ಣಿಟ್ಟು ಓದು: ಲೈಸೆನ್ಸಿನಲ್ಲಿರುವ ಎಲ್ಲ ಬಗೆಯ ಗಾಡಿಗೂ ಮಾಡಬಹುದು, ಯಾವುದಾದರೂ ಒಂದು ಬಗೆಗೂ ಮಾಡಬಹುದು. "ಎಲ್ಲ ಅಥವಾ ಯಾವುದೇ" ಅಂತ ಕಲಂನಲ್ಲೇ ಇದೆ. ಯಾರೂ ಕೇಳಲ್ಲ, ಹಾಗಾಗಿ ಎಲ್ಲದಕ್ಕೂ ಸೇರಿಸಿ ಒಂದೇ ಠಸ್ಸೆ ಬೀಳುತ್ತೆ. ನೀವು ಕೇಳಿ. ಅರ್ಜಿ ಒಂದು ಪುಟ ಸಾಕು. ತಪ್ಪು ಒಪ್ಪಿಕೊಂಡಿದ್ದೇನೆ, ದಂಡ ಕಟ್ಟಿದ್ದೇನೆ, ಹೆಲ್ಮೆಟ್ ಕೊಂಡಿದ್ದೇನೆ, ತಪ್ಪಾದದ್ದು ದ್ವಿಚಕ್ರ ವಾಹನದಲ್ಲಿ, ಹೊಟ್ಟೆಪಾಡು ಆಟೋದಲ್ಲಿ. ಸಸ್ಪೆಂಡ್ ಮಾಡುವುದೇ ಆದರೆ ದ್ವಿಚಕ್ರಕ್ಕೆ ಮಾತ್ರ ಮಾಡಬೇಕು, ಕಾರ್ಡ್ ತೆಗೆದುಕೊಂಡ ದಿನದಿಂದಲೇ ಎಣಿಸಬೇಕು. ದಂಡದ ರಸೀದಿ, ಹೆಲ್ಮೆಟ್ ಬಿಲ್, ಫೈನಾನ್ಸ್ ಪುಸ್ತಕ, ಮಕ್ಕಳ ಶಾಲೆ ಫೀಸಿನ ರಸೀದಿ ಎಲ್ಲದರ ಝೆರಾಕ್ಸ್ ಹಿಂದೆ ಪಿನ್ ಮಾಡಿ. ಕೊಟ್ಟ ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ಬಾಗಿಲು ದಾಟಬೇಡಿ.

ಹಾಗೇ ಮಾಡುತ್ತಾರೆ ಅಂತ ನಾನು ಆಣೆ ಮಾಡಲ್ಲ. ಅದು ಅವರ ಇಚ್ಛೆಗೆ ಬಿಟ್ಟದ್ದು. ಆದೇಶ ನಿಮ್ಮ ವಿರುದ್ಧ ಬಂದರೆ, ಕೈಗೆ ಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಇನ್ನೊಂದು ಮಾತು, ಲೈಸೆನ್ಸಿನಲ್ಲಿ ಯಾವ ವಿಳಾಸ ಇದೆ? ಹಳೆಯ ಬಾಡಿಗೆ ಮನೆಯದ್ದಾದರೆ ಇವತ್ತೇ ಹೋಗಿ ಕೇಳಿ. ನೋಟಿಸ್ ಅಲ್ಲಿಗೆ ಹೋಗುತ್ತೆ, ಹಾಜರಾಗಲಿಲ್ಲ ಅಂತ ಆದೇಶ ಆಗಿಬಿಡುತ್ತೆ. ನಾನು ನೋಡಿದ ಅರ್ಧ ಕೇಸು ಹೀಗೇ ಹಾಳಾದವು.

ಎರಡನೇ ಸಲ ಸಿಕ್ಕರೆ ಮೂರು ತಿಂಗಳಲ್ಲ, ಲೈಸೆನ್ಸೇ ರದ್ದು. ಇದನ್ನು ನಿನ್ನ ಗಂಡನಿಗೆ ಎರಡು ಸಲ ಓದಿ ಹೇಳು.

ಕಂತಿನ ವಿಷಯ. ರಸ್ತೆ ಮೇಲೆ ಹಾಕೋ ದಂಡಕ್ಕೆ ಕಂತಿಲ್ಲ. ಕೇಸ್ ಕೋರ್ಟಿಗೆ ಹೋಗಿ, ದಂಡ ಕಟ್ಟು, ತಪ್ಪಿದರೆ ಜೈಲು ಅಂತ ಆದಾಗ ಮಾತ್ರ ಕೋರ್ಟ್ 30 ದಿನದ ಗಡುವು ಕೊಡಬಹುದು, ಇಲ್ಲವೇ ಎರಡು ಮೂರು ಕಂತು ಮಾಡಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಅದು ಕಲಂ 424 ಇತ್ತು, 2024ರ ಜುಲೈ 1ರಿಂದ ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನಲ್ಲಿ 464. ತಮಾಷೆ ನೋಡು, ಕೋರ್ಟಿಗೆ ಎಳೆಸಿಕೊಂಡವನಿಗೆ ಕಂತು ಇದೆ, ಸರ್ಕಲ್‌ನಲ್ಲೇ ಒಪ್ಪಿಕೊಂಡವನಿಗೆ ಇಲ್ಲ. ದಂಡದ ಜೊತೆಗೆ ಸಮುದಾಯ ಸೇವೆ ಮಾಡಿಸಲೂ ಕಲಂ 200ರಲ್ಲಿ ರಾಜ್ಯಕ್ಕೆ ಅಧಿಕಾರ ಇದೆ. ರೊಕ್ಕದ ಬದಲು ಅಂತ ಬರೆದಿದ್ದರೆ ನಮ್ಮಂಥವರಿಗೆ ಉಪಯೋಗ ಆಗುತ್ತಿತ್ತು.

ಅರ್ಜಿ ಬರೆಯೋಕೆ ಯಾರಿಗೂ ರೊಕ್ಕ ಕೊಡಬೇಡ. ಜಿಲ್ಲಾ ಕೋರ್ಟಿನಲ್ಲೇ ಕಾನೂನು ಸೇವಾ ಪ್ರಾಧಿಕಾರ ಇದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತೆ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ, ಗಂಡಸರಿಗೆ ಆದಾಯದ ಮಿತಿ ನೋಡುತ್ತಾರೆ. ನಮ್ಮೂರಿಗೆ ಹೈಕೋರ್ಟಿನ ಪೀಠ 2008ರಲ್ಲೇ ಬಂತು. ಆದರೆ 500 ರೂಪಾಯಿ ಕೇಸು ಹಿಡಿದುಕೊಂಡು ಅಲ್ಲಿಗೆ ಹೋಗೋರು ಯಾರು ತಂಗಿ?

ಕೆಎ 38 ಮೂರು ಗಾಲಿ, ಬೀದರ್

ಅಕ್ಕಾರೆ, ಅಜ್ಜಾರು ಹೇಳಿದ್ದು ಲೈಸೆನ್ಸಿನ ಮಾತು. ನಾನು ಗಾಡಿ ಮಾತು ಹೇಳುತ್ತೇನೆ. ಎಫ್‌ಸಿ ಗಾಡಿಗೆ ಸಂಬಂಧಿಸಿದ್ದು, ನಿಮ್ಮ ಯಜಮಾನರ ಲೈಸೆನ್ಸಿಗೆ ಅಲ್ಲ. ಮೂರು ತಿಂಗಳು ಯಾಕೆ ಕಾಯುತ್ತೀರಿ? ಆಟೋ ಲೈಸೆನ್ಸ್ ಇರೋ ಯಾರನ್ನಾದರೂ ಕರೆದು ನಾಳೆಯೇ ಎಫ್‌ಸಿಗೆ ಒಯ್ಯಿರಿ. ಇನ್ಶೂರೆನ್ಸ್ ಚಾಲ್ತಿಯಲ್ಲಿ ಇದೆಯಾ ನೋಡಿಕೊಳ್ಳಿ. ದಾರಿಯಲ್ಲಿ ಪ್ಯಾಸೆಂಜರ್ ಹತ್ತಿಸಬೇಡಿ. ಏಜೆಂಟ್ ಹೇಳಿದ್ದು ಸುಳ್ಳಲ್ಲ, ಚಲನ್ ಬಾಕಿ ಇದ್ದರೆ ಕಂಪ್ಯೂಟರಿನಲ್ಲಿ ತಡೆ ಬೀಳುತ್ತೆ. ಆ 1,000 ಮೊದಲು ತೀರಿಸಿ. ರಿಯಾಯಿತಿಗೆ ಅಂತ 20 ದಿನ ಕಾದರೆ ಎಫ್‌ಸಿ ತಡದ ಫೀಸೇ 1,000 ಆಗುತ್ತೆ.

ಎಫ್‌ಸಿ ಆದ ಮೇಲೆ ಗಾಡಿಯನ್ನು ದಿನದ ಬಾಡಿಗೆಗೆ ಕೊಡಿ. ಬ್ಯಾಡ್ಜ್ ಇರೋ ಹುಡುಗನಿಗೇ ಕೊಡಿ, ಲೈಸೆನ್ಸ್ ಝೆರಾಕ್ಸ್ ಇಟ್ಟುಕೊಳ್ಳಿ. ಕಂತಾದರೂ ಹೊರಡುತ್ತೆ.

ಈ 50 ರೂಪಾಯಿ ನನ್ನ ಮೈಮೇಲೂ ಬಂದಿದೆ. ನೌಬಾದ್ ಹತ್ತಿರ ಬಿದ್ದು ಕಾಲು ಮುರಿದಿತ್ತು, ರಾಡ್ ಹಾಕಿದರು. ಏಳು ತಿಂಗಳು ಗಾಡಿ ನಿಂತಿತು. ಎಫ್‌ಸಿಗೆ ಹೋದಾಗ 210 ದಿನದ ಲೆಕ್ಕ ಹಾಕಿ 10,500 ಅಂದರು. ಗಾಡಿ ರಸ್ತೆಗೇ ಇಳಿದಿಲ್ಲ, ಇಲ್ಲಿ ನೋಡಿ ಎಕ್ಸ್‌ರೇ ಅಂದೆ. ನಿಯಮದಲ್ಲಿ ಎಕ್ಸ್‌ರೇಗೆ ಜಾಗ ಇಲ್ಲ. ಹೆಂಡತಿಯ ಸಂಘದಲ್ಲಿ ಸಾಲ ತೆಗೆದು ಕಟ್ಟಿದೆ, ಅದು ತೀರೋಕೆ ಒಂದೂವರೆ ವರ್ಷ ಹಿಡಿಯಿತು.

ಇದು 2016ರ ಡಿಸೆಂಬರ್‌ನಲ್ಲಿ ಕೇಂದ್ರದ ಮೋಟಾರು ವಾಹನ ನಿಯಮ 81 ತಿದ್ದಿದಾಗ ಬಂದದ್ದು. ಹತ್ತು ಗಾಲಿ ಲಾರಿಗೂ ದಿನಕ್ಕೆ 50, ನಮ್ಮ ಮೂರು ಗಾಲಿಗೂ 50. ಲಾರಿ ಮಾಲೀಕ ಒಂದು ಟ್ರಿಪ್ಪಿನಲ್ಲಿ ತೆಗೆಯುತ್ತಾನೆ. ಎಫ್‌ಸಿ ಇಲ್ಲದೆ ಬೇಕಂತಲೇ ಓಡಿಸಿದವನಿಗೆ ಹಾಕಲಿ, ಬೇಡ ಅನ್ನಲ್ಲ. ನಿಂತ ಗಾಡಿಗೆ ಒಂದು ಮಿತಿ ಬೇಡವಾ? ನಮ್ಮ ಸ್ಟ್ಯಾಂಡಿನವರು ಪ್ರತಿ ಸಲ ಮನವಿ ಕೊಡುವಾಗ ಇದನ್ನು ಬರೆಯುತ್ತೇವೆ. ಫೋಟೋ ತೆಗೆಸಿಕೊಂಡು ವಾಪಸ್ ಬರುತ್ತೇವೆ.

ಯಾದಗಿರಿ ಹುಡುಗ, ಸದ್ಯ ಕ್ಯಾಲಿಫೋರ್ನಿಯಾ

ಓದಿ ಸುಮ್ನೆ ಇರೋಕೆ ಆಗಲಿಲ್ಲ. ಇಲ್ಲೂ ಇದೇ ಗೋಳು ಇತ್ತು ಅಂದರೆ ನಂಬುತ್ತೀರಾ? ಇಲ್ಲಿ ಕಾರಿಲ್ಲದೆ ಹಾಲು ತರೋಕೂ ಆಗಲ್ಲ. ಸಿಗ್ನಲ್ ದಾಟಿದ ದಂಡ ಹೆಸರಿಗೆ 100 ಡಾಲರ್. ಅದರ ಮೇಲೆ ಕೋರ್ಟಿನ ಫೀಸು, ಆ ಫಂಡು, ಈ ಫಂಡು ಸೇರಿ 490ರ ಹತ್ತಿರ ಹೋಗುತ್ತಿತ್ತು. ಕಟ್ಟೋಕೆ ಆಗದಿದ್ದರೆ ಲೈಸೆನ್ಸ್ ಸಸ್ಪೆಂಡ್. ಲೈಸೆನ್ಸ್ ಇಲ್ಲ ಅಂತ ಕೆಲಸ ಹೋಗುತ್ತೆ, ಕೆಲಸ ಇಲ್ಲ ಅಂತ ದಂಡ ಕಟ್ಟೋಕೆ ಆಗಲ್ಲ. 2015ರಲ್ಲಿ ಕಾನೂನು ನೆರವಿನ ಸಂಸ್ಥೆಗಳು ಸೇರಿ ಒಂದು ವರದಿ ಮಾಡಿದವು. ಈ ಒಂದೇ ರಾಜ್ಯದಲ್ಲಿ ಹೀಗೆ ಲೈಸೆನ್ಸ್ ಕಳೆದುಕೊಂಡವರು 40 ಲಕ್ಷಕ್ಕೂ ಜಾಸ್ತಿ ಅಂತ ಅದರಲ್ಲಿ ಬಂತು. 2017ರಲ್ಲಿ ರಾಜ್ಯ ನಿಯಮ ಬದಲಿಸಿತು, ದಂಡ ಕಟ್ಟಿಲ್ಲ ಅನ್ನೋ ಒಂದೇ ಕಾರಣಕ್ಕೆ ಲೈಸೆನ್ಸ್ ತೆಗೆಯೋ ಹಾಗಿಲ್ಲ ಅಂತ. ಕುಡಿದು ಓಡಿಸಿದರೆ ಈಗಲೂ ತೆಗೆಯುತ್ತಾರೆ.

ಅಕ್ಕನ ಕೇಸು ಸ್ವಲ್ಪ ಬೇರೆ, ಗೊತ್ತು. ಅವರು ದಂಡ ಕಟ್ಟಿದ್ದಾರೆ. ಆದರೆ ಚಲನ್ ಬಾಕಿಗೆ ಎಫ್‌ಸಿ ತಡೆಯೋದು ಇಲ್ಲಿನ ಹಳೆಯ ನಿಯಮದ ತಮ್ಮನ ಹಾಗೆ ಕಾಣುತ್ತೆ. ಫಿನ್ಲೆಂಡ್‌ನಲ್ಲಿ 1921ರಿಂದ ಇನ್ನೊಂದು ಪದ್ಧತಿ ಇದೆ. ದೊಡ್ಡ ತಪ್ಪುಗಳ ದಂಡವನ್ನು ತಪ್ಪು ಮಾಡಿದವನ ದಿನದ ಆದಾಯದ ಲೆಕ್ಕದಲ್ಲಿ ಹಾಕುತ್ತಾರೆ. ಸಾಹುಕಾರ ಜೋರಾಗಿ ಓಡಿಸಿದರೆ ಲಕ್ಷಗಟ್ಟಲೆ ಬೀಳುತ್ತೆ.

ನೈಟ್ ಡ್ಯೂಟಿ, ಕಲಬುರಗಿ

ದಿನದ ಆದಾಯ ನಮ್ಮಲ್ಲಿ ಯಾರು ಖರೆ ಹೇಳುತ್ತಾರೆ ಅಣ್ಣಾ? ಗಂಜ್ ಮಾರ್ಕೆಟ್ಟಿನ ದೊಡ್ಡ ವ್ಯಾಪಾರಿಯೂ ಬಿಪಿಎಲ್ ಕಾರ್ಡ್ ತೋರಿಸುತ್ತಾನೆ.

ಆದರೆ ಅಜ್ಜಾರ ಮಾತು ಒಪ್ಪಿದೆ. ಬೈಕ್ ತಪ್ಪಿಗೆ ಬೈಕ್ ನಿಲ್ಲಿಸೋದು ಛಲೋ. ಅಕ್ಕಾರೆ, ಮನೆಯವರನ್ನು ಒಂದು ಭಾನುವಾರ ನಮ್ಮ ಕ್ಯಾಶುವಾಲಿಟಿ ಬೆಂಚಿನ ಮೇಲೆ ಎರಡು ತಾಸು ಕೂರಿಸಿ. ಸಮುದಾಯ ಸೇವೆ ಅಂತ ನಾನೇ ಬರೆದು ಸಹಿ ಹಾಕಿ ಕೊಡುತ್ತೇನೆ.

ರೊಟ್ಟಿ ಅಕ್ಕ, ಕಲಬುರಗಿ

ಹತ್ತು ದಿನ ಆಯಿತು, ಏನಾಯಿತು ಹೇಳಿಬಿಡುತ್ತೇನೆ.

ಅಜ್ಜಾರೆ, ನಿಮ್ಮ ಬಾಯಿಗೆ ಸಕ್ಕರೆ. ಲೈಸೆನ್ಸಿನಲ್ಲಿ ಹಳೆಯ ಮನೆಯ ವಿಳಾಸವೇ ಇತ್ತು. ಓಡಿ ಹೋದೆವು. ನೋಟಿಸ್ ಆ ಮನೆಯ ಕಿಟಕಿಯಲ್ಲಿ ಕರೆಂಟ್ ಬಿಲ್ಲಿನ ಜೊತೆ ಸಿಕ್ಕಿಸಿಟ್ಟಿದ್ದರು. ಹಾಜರಾಗೋಕೆ ಇನ್ನೂ ಸಮಯ ಇತ್ತು. ಅರ್ಜಿಯನ್ನು ಕಾನೂನು ಸೇವೆಯ ಮೇಡಂ ಬರೆದುಕೊಟ್ಟರು, ರೊಕ್ಕ ತೆಗೆದುಕೊಳ್ಳಲಿಲ್ಲ. "ಎಲ್ಲ ಅಥವಾ ಯಾವುದೇ" ಅನ್ನೋದರ ಕೆಳಗೆ ಅವರೇ ಕೆಂಪು ಗೆರೆ ಎಳೆದರು. ಸೀಲು ಹಾಕಿದ ಪ್ರತಿ ನನ್ನ ಹತ್ತಿರ ಇದೆ. ಕೊಡೋ ಕಿಟಕಿಯಲ್ಲಿದ್ದವರು ಓದಿ, "ಹೀಗೆ ಯಾರೂ ಕೇಳಲ್ಲಮ್ಮಾ" ಅಂದರು. ಬೈದರೋ ಮೆಚ್ಚಿದರೋ ಗೊತ್ತಾಗಲಿಲ್ಲ.

ಖಾನಾವಳಿಯವರಿಂದ ಮುಂಗಡ ತೆಗೆದುಕೊಂಡು ಎರಡೂ ಚಲನ್ ತೀರಿಸಿದೆ. ಬೀದರ್ ಅಣ್ಣಾರು ಹೇಳಿದ ಹಾಗೆ ನಮ್ಮ ಅಕ್ಕನ ಮಗ ಗಾಡಿ ಒಯ್ದ. 19 ದಿನದ ತಡಕ್ಕೆ 950 ಕಟ್ಟಿ ಎಫ್‌ಸಿ ಆಯಿತು. ಹೆಲ್ಮೆಟಿನದೂ ಅಷ್ಟೇ ಆಗಿತ್ತು ಅಲ್ವಾ. ಈಗ ಅವನೇ ಓಡಿಸುತ್ತಾನೆ, ದಿನಕ್ಕೆ 250 ಕೊಡುತ್ತಾನೆ. ನಮ್ಮ ಮನೆಯವರಿಗೆ ಅದು ಸರಿ ಬರಲ್ಲ. ಸಂಜೆ ಗಾಡಿ ಬಂದ ತಕ್ಷಣ ಸುತ್ತ ತಿರುಗಿ ಗೀರು ಬಿದ್ದಿದೆಯಾ ಅಂತ ನೋಡುತ್ತಾರೆ.

ಬರೋ ಗುರುವಾರ ಹನ್ನೊಂದಕ್ಕೆ ಹಾಜರಾಗಬೇಕು. ನಾನೂ ಹೋಗುತ್ತೇನೆ, ಅವರು ಅಧಿಕಾರಿಗಳ ಮುಂದೆ ಬಾಯಿ ಬಿಡಲ್ಲ. ಆ ದಿನ ರೊಟ್ಟಿ ಇಲ್ಲ ಅಂತ ಎರಡೂ ಖಾನಾವಳಿಗೆ ಹೇಳಿಟ್ಟಿದ್ದೇನೆ.